ಮೆರುಗಿರುವ ಮರದ ಸಾಮಾನು, ಕುಟ್ಟೆ ಹುಳ ಮತ್ತು ಡೀಪ್ ಫ್ರೀಜರ್

ಗೋವಾದ ಹಳೇ ಮನೆಗಳಿಂದ ನಮ್ಮ ಸಂಗ್ರಹಕ್ಕೆ ಬರುವ ಮರದ ಸಾಮಾನಿನಲ್ಲಿ ಎರಡು ಬಗೆಯ ಮೆರುಗು ಕಾಣುತ್ತೇನೆ: ಸಾವಂತವಾಡಿ ಕಡೆಯ ಅರಗಿನದು, ಚೀನಾದ ಪೆಟ್ಟಿಗೆಗಳ ಮೇಲಿರುವ ಮರದ ಹಾಲಿನದು. ಒಳಗಿನ ಮರಕ್ಕೆ ಕುಟ್ಟೆ, ಅಂದರೆ ಮರ ಕೊರೆಯುವ ಹುಳ, ಹಿಡಿಯುವುದು ಎರಡರಲ್ಲೂ ಒಂದೇ ರೀತಿ. ಹುಳವನ್ನು ಕೊಲ್ಲಲು ಸಾಮಾನನ್ನು ಡೀಪ್ ಫ್ರೀಜರ್‌ನಲ್ಲಿಡುವುದು ಒಂದು ದಾರಿ.

ಫ್ರೀಜರ್ ಎಂದೊಡನೆ ಮರದೊಳಗಿನ ನೀರು ಹೆಪ್ಪುಗಟ್ಟಿ ಸೀಳು ಬಿಡುತ್ತದೆ ಎಂದು ಹೆದರುವವರು ಬಹಳ. ಆ ಹೆದರಿಕೆ ಬೇಡ. ಇಲ್ಲಿನ ಮಳೆಗಾಲದ ಶೇ. 85 ಆರ್ದ್ರತೆಯಲ್ಲೂ ಮರದ ತೇವ ಸುಮಾರು ಶೇ. 18; ತೇವ ಶೇ. 28–30 ದಾಟದೆ ಗಡ್ಡೆ ಕಟ್ಟುವಂಥ ಬಿಡಿ ನೀರು ಅದರಲ್ಲಿರುವುದಿಲ್ಲ. ಕೆಡುವುದು ಮೇಲಿನ ಪದರ. 50 ಡಿಗ್ರಿ ಇಳಿದರೆ ಒಂದು ಮೀಟರ್ ಮರ ಎಳೆಯುದ್ದಕ್ಕೆ ಕುಗ್ಗುವುದು ಸುಮಾರು 0.2 ಮಿ.ಮೀ.; ಅರಗು ಅದರ ಹತ್ತು ಪಟ್ಟಿಗೂ ಹೆಚ್ಚು ಕುಗ್ಗಬಯಸುತ್ತದೆ, ಜೊತೆಗೆ ಗಾಜಿನಂತೆ ಪೆಡಸಾಗುತ್ತದೆ. ಹಾಗಾಗಿ ಬಿರುಕು ಬಂದರೆ ಎಳೆಗೆ ಅಡ್ಡಲಾಗಿ ಬರುತ್ತದೆ.

ಮೊದಲು ಟಾರ್ಚನ್ನು ಓರೆಯಾಗಿ ಹಿಡಿದು ನೋಡುತ್ತೇನೆ. ಹಕ್ಕಳೆ ಎದ್ದಿದ್ದರೆ, ಮೆರುಗಿನಡಿ ಸುಣ್ಣದ ಲೇಪವಿದ್ದರೆ, ಚಿಪ್ಪು ಕೂರಿಸಿದ್ದರೆ ಫ್ರೀಜರ್ ಮಾತೇ ಇಲ್ಲ. ಪದರ ಗಟ್ಟಿಯಾಗಿ ಅಂಟಿದ್ದ ಸಾದಾ ಸಾಮಾನು ಮಾತ್ರ, ಅದೂ ಬೇರೆ ದಾರಿ ಇಲ್ಲದಿದ್ದಾಗ.

ಇಡುವುದಾದರೆ ಆಮ್ಲವಿಲ್ಲದ ಟಿಶ್ಯೂ ಸುತ್ತಿ, ಪಾಲಿಥೀನ್ ಚೀಲಕ್ಕೆ ಹಾಕಿ, ಗಾಳಿ ಆದಷ್ಟು ಹಿಂಡಿ ಸೀಲ್ ಮಾಡಬೇಕು. −30 ಡಿಗ್ರಿಯಾದರೆ 3 ದಿನ, −20 ಆದರೆ 2 ವಾರ. ಉಷ್ಣಾಂಶ ಬೇಗ ಇಳಿಯಬೇಕು, ನಿಧಾನವಾದರೆ ಹುಳ ಚಳಿಗೆ ಒಗ್ಗಿಕೊಳ್ಳುತ್ತದೆ. ಫ್ರೀಜರ್ ಬಾಗಿಲಿನ ಅಂಕಿಯನ್ನು ನಂಬಬೇಡಿ: ಅಷ್ಟೇ ದಪ್ಪದ ರದ್ದಿ ಮರದ ತುಂಡಿಗೆ ತೂತು ಕೊರೆದು ಲಾಗರ್‌ನ (ಉಷ್ಣಾಂಶ ದಾಖಲಿಸುವ ಉಪಕರಣದ) ಪ್ರೋಬ್ ತೂರಿಸಿ, ನಡುಮರ ತಂಪಾದ ಮೇಲೆ ದಿನ ಎಣಿಸಿ. ಕರೆಂಟ್ ಹೋಗಿ ಉಷ್ಣಾಂಶ ಏರಿದರೆ ಲೆಕ್ಕ ಮತ್ತೆ ಮೊದಲಿನಿಂದ.

ಹೊರತೆಗೆಯುವಾಗಲೇ ಹೆಚ್ಚು ಹಾಳಾಗುವುದು. ತಣ್ಣಗಿರುವಾಗ ಒಂದು ಸಣ್ಣ ತಾಗು ಸಾಕು, ಅಂಚಿನ ಮೆರುಗು ಚಕ್ಕೆಯಾಗಿ ಹಾರುತ್ತದೆ. ಟ್ರೇ ಸಮೇತ ಎತ್ತಿ, 24 ಗಂಟೆ ಚೀಲ ಬಿಚ್ಚದೆ ಇಡುತ್ತೇನೆ; ದಪ್ಪ ತುಂಡಿಗೆ ಇನ್ನೂ ಒಂದು ದಿನ. ಅವಸರದಲ್ಲಿ ಬಿಚ್ಚಿದರೆ ನಮ್ಮ ಗಾಳಿಗೆ ಮೈಯೆಲ್ಲ ನೀರು ಹನಿಗಟ್ಟುತ್ತದೆ, ಅರಗು ಬೆಳ್ಳಗೆ ಮಂಕಾಗುತ್ತದೆ.

ಸಂಶಯವಿದ್ದಲ್ಲಿ ನನ್ನ ಆಯ್ಕೆ, ಸಾಮಾನನ್ನು ಚೀಲದಲ್ಲಿ ಸೀಲ್ ಮಾಡಿ ಒಳಗಿನ ಆಮ್ಲಜನಕ ತೆಗೆದು ಹುಳವನ್ನು ಉಸಿರುಗಟ್ಟಿಸುವುದು. ಸಾದಾ ಪಾಲಿಥೀನ್ ಇದಕ್ಕೆ ಆಗದು, ಆಮ್ಲಜನಕ ನುಸುಳುತ್ತದೆ. ಅಲ್ಯೂಮಿನಿಯಂ ಪದರದ ಫಿಲ್ಮ್ ಬೇಕು, ಎರಡು ಸಾಲು ಬಿಸಿ ಸೀಲ್. 100 ಲೀಟರ್ ಚೀಲದಲ್ಲಿ 21 ಲೀಟರ್ ಆಮ್ಲಜನಕ. 2 ಲೀಟರ್ ಹೀರುವ ಪೊಟ್ಟಣ 11 ಬೇಕು, ಸೋರಿಕೆಗೆಂದು 14 ಹಾಕುತ್ತೇನೆ. ಪೊಟ್ಟಣ ಬಿಸಿಯಾಗುತ್ತವೆ, ಅರಗಿಗೆ ತಾಗಬಾರದು. ಆಮ್ಲಜನಕ ಮುಗಿದದ್ದನ್ನು ಬಣ್ಣದಿಂದ ತೋರಿಸುವ ಸೂಚಕದ ಗುಳಿಗೆ ಕಾಣುವಂತೆ ಒಂದು ಪಾರದರ್ಶಕ ಕಿಟಕಿ ಇರಲಿ; ಗುಳಿಗೆ ಗುಲಾಬಿ ಬಣ್ಣಕ್ಕೆ ತಿರುಗಿದ ಮೇಲೆ 25 ಡಿಗ್ರಿಗೆ ಕಡಿಮೆಯಿಲ್ಲದ ಕೋಣೆಯಲ್ಲಿ ಮೂರು ವಾರ. ಗೋವಾದ ಸೆಖೆ ಇಲ್ಲಿ ಉಪಕಾರಿ.

ಯಾವ ದಾರಿ ಹಿಡಿದರೂ ನಂತರ ತೂತುಗಳನ್ನು ಮೆತ್ತನೆ ಬ್ರಷ್‌ನಿಂದ ಒರೆಸಿ, ಅಡಿಗೆ ಕಪ್ಪು ಕಾಗದ ಹಾಸಿ. ಸಾಮಾನು ಅಲುಗಿದಾಗ ಹಳೇ ಪುಡಿಯೂ ಉದುರುತ್ತದೆ; ಅಲುಗದೆ ಇದ್ದಾಗ ತೂತಿನ ಕೆಳಗೆ ಸಣ್ಣ ಗುಡ್ಡೆ ಬಿದ್ದರೆ ಮಾತ್ರ ಹುಳ ಬದುಕಿದೆ ಎಂದು ಹಿಡಿಯುತ್ತೇನೆ.