ಬ್ಯಾಂಕಿನ ಮುಂದೆ ಕ್ಯೂ ಬೆಳೆದಾಗ ನಾವು ಮಾಡಿದ್ದು

2020ರ ಜನವರಿ 10ರಿಂದ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಜಾರಿಯಾಯಿತು. ಗ್ರಾಹಕರು 35,000 ರೂಪಾಯಿಗಿಂತ ಜಾಸ್ತಿ ತೆಗೆಯುವಂತಿಲ್ಲ ಅಂತ. ನಾನು ಆಗ ಬೆಂಗಳೂರಿಂದ ದೂರದ ಒಂದು ಸಣ್ಣ ಊರಿನ ಪಟ್ಟಣ ಸಹಕಾರ ಬ್ಯಾಂಕಿನಲ್ಲಿ ಮ್ಯಾನೇಜರ್. ಆ ಬ್ಯಾಂಕಿಗೂ ನಮಗೂ ಒಂದು ರೂಪಾಯಿ ವ್ಯವಹಾರ ಇರಲಿಲ್ಲ. ಆದರೆ ನಮ್ಮ ಬ್ಯಾಂಕಿಗೂ ಒಬ್ಬ ಗುರುಗಳ ಹೆಸರಿತ್ತು. ಅಷ್ಟು ಸಾಕಾಯಿತು.

ಮರುದಿನ ಎರಡನೇ ಶನಿವಾರ, ಅದರ ಮರುದಿನ ಭಾನುವಾರ. ಎರಡು ದಿನ ಶಟರ್ ಮುಚ್ಚಿದ್ದನ್ನೇ ಯಾರೋ ಫೋಟೊ ತೆಗೆದು 'ಇಲ್ಲೂ ಬಾಗಿಲು ಹಾಕಿದ್ರು' ಅಂತ ವಾಟ್ಸಾಪಿನಲ್ಲಿ ಬಿಟ್ಟಿದ್ದರು. ಸೋಮವಾರ ಬೆಳಗ್ಗೆ ಕ್ಯೂ ಪಕ್ಕದ ಮೆಡಿಕಲ್ ಶಾಪ್ ದಾಟಿತ್ತು.

ಜನರನ್ನು ಬೈಯಲು ನನಗೆ ಮನಸ್ಸಿಲ್ಲ. ಹಿಂದಿನ ಸೆಪ್ಟೆಂಬರಿನಲ್ಲಿ ಮುಂಬೈಯ ಪಿಎಂಸಿ ಅನ್ನೋ ಸಹಕಾರ ಬ್ಯಾಂಕಿಗೂ ಇಂಥದ್ದೇ ನಿರ್ಬಂಧ ಬಿದ್ದು, ಗ್ರಾಹಕರಿಗೆ ಮೊದಲು ಸಿಕ್ಕಿದ್ದು ಬರೀ 1,000 ರೂಪಾಯಿ. ಅದನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದರು. ಮುಂದೆ ನಿಂತವನಿಗೆ ಸಿಗುತ್ತದೆ, ಹಿಂದೆ ನಿಂತವನಿಗೆ ಸಿಗಲ್ಲ ಅನ್ನೋ ಲೆಕ್ಕ ತಪ್ಪೇನಲ್ಲ. ಎಷ್ಟೇ ಗಟ್ಟಿ ಬ್ಯಾಂಕಾದರೂ ಎಲ್ಲರ ಹಣ ಒಂದೇ ದಿನ ಕೊಡಲಾರದು. ಆಗಿನ ಲೆಕ್ಕದಲ್ಲಿ ನೂರು ರೂಪಾಯಿ ಠೇವಣಿಗೆ 4 ರೂಪಾಯಿ ನಗದು ಮೀಸಲು, ಸುಮಾರು 18 ರೂಪಾಯಿ ಸರಕಾರಿ ಸಾಲಪತ್ರ. ಉಳಿದದ್ದರಲ್ಲಿ ಬಹುಪಾಲು ಅಡಕೆ ವ್ಯಾಪಾರಿಯ ಹತ್ತಿರ, ಮನೆ ಕಟ್ಟಿಸಿದವರ ಹತ್ತಿರ ಇರುತ್ತದೆ. ಅದನ್ನು ಇವತ್ತೇ ವಾಪಸ್ ಕೊಡಿ ಅಂದರೆ ಯಾರು ಕೊಡ್ತಾರೆ?

ಮೊದಲ ಫೋನ್ ನಮ್ಮ ಚಾಲ್ತಿ ಖಾತೆ ಇದ್ದ ರಾಷ್ಟ್ರೀಕೃತ ಬ್ಯಾಂಕಿಗೆ. ಅಲ್ಲಿದ್ದ ನಮ್ಮ ಠೇವಣಿಯಲ್ಲಿ ಒಂದು ಭಾಗ ಮುರಿಸಿ ನಗದು ತರಿಸಿದೆವು. ಆ ನೋಟಿನ ಕಟ್ಟುಗಳನ್ನು ಹಿಂಬಾಗಿಲಿಂದ ಸ್ಟ್ರಾಂಗ್ ರೂಮಿಗೆ ಸಾಗಿಸಲಿಲ್ಲ. ಗನ್‌ಮ್ಯಾನ್ ಜೊತೆ ಮುಂಬಾಗಿಲಿಂದಲೇ ತಂದು, ಕ್ಯಾಶ್ ಕೌಂಟರಿನ ಜಾಲರಿ ಹಿಂದೆ ಕಾಣುವ ಹಾಗೆ ಜೋಡಿಸಿದೆವು. ಭದ್ರತೆ ದೃಷ್ಟಿಯಿಂದ ಇದು ಸರಿಯಲ್ಲ, ಗೊತ್ತು. ಆದರೆ ಆ ದಿನ ನಮಗಿದ್ದ ಅಪಾಯ ಕಳ್ಳರದ್ದಲ್ಲ.

ಈ ಉಪಾಯ ನನ್ನದಲ್ಲ. 1973ರ ಡಿಸೆಂಬರಿನಲ್ಲಿ ಜಪಾನಿನ ಟೊಯೊಕಾವಾ ಶಿನ್‌ಕಿನ್ ಅನ್ನೋ ಸಣ್ಣ ಉಳಿತಾಯ ಬ್ಯಾಂಕಿಗೆ ಹೀಗೇ ಆಗಿತ್ತು. ರೈಲಿನಲ್ಲಿ ಶಾಲೆಯ ಹುಡುಗಿಯರು ಹರಟುವಾಗ, ಬ್ಯಾಂಕ್ ಕೆಲಸಕ್ಕೆ ಸೇರಲಿದ್ದವಳಿಗೆ ಗೆಳತಿ 'ಅಲ್ಲಿ ಅಪಾಯ' ಅಂದಳಂತೆ. ದರೋಡೆಕೋರರ ಭಯದ ಮಾತು ಅದು. ಬಾಯಿಂದ ಬಾಯಿಗೆ ಹೋಗಿ ಬ್ಯಾಂಕೇ ಮುಳುಗುತ್ತದೆ ಅಂತಾಯಿತು. ಬೇಗ ಆಗಲಿ ಅಂತ ಸಿಬ್ಬಂದಿ ಹತ್ತು ಸಾವಿರ ಯೆನ್ ಲೆಕ್ಕದಲ್ಲಿ ಹಣ ಕೊಟ್ಟರೆ, ಚಿಲ್ಲರೆಗೆ ಪಂಗನಾಮ ಅಂತ ಜನ ತಿಳಿದರು. ಆಮೇಲೆ ಕೇಂದ್ರ ಬ್ಯಾಂಕಿನಿಂದ ಬಂದ ನೋಟುಗಳನ್ನು ತಿಜೋರಿ ಮುಂದೆ ಜನರಿಗೆ ಕಾಣುವಂತೆ ರಾಶಿ ಹಾಕಿದರು. ಟ್ರೈನಿಂಗಿನಲ್ಲಿ ಕೇಳಿದ ಈ ಕತೆ ನೆನಪಲ್ಲಿ ಉಳಿದಿತ್ತು.

ಹಾಗಾಗಿ ಸಿಬ್ಬಂದಿಗೆ ಹೇಳಿದ್ದು ಇಷ್ಟೇ. 'ಯಾಕೆ ತೆಗೀತೀರಿ' ಅಂತ ಕೇಳಬೇಡಿ. ಅರ್ಧ ತಗೊಳ್ಳಿ, ನಾಳೆ ಬನ್ನಿ ಅನ್ನಬೇಡಿ. ಕೊನೆಯ ಎರಡು ರೂಪಾಯಿ ಚಿಲ್ಲರೆಯನ್ನೂ ಎಣಿಸಿ ಕೊಡಿ. ಟೋಕನ್ ಬೇಡ ಅಂದೆ, ಟೋಕನ್ ಮುಗಿಯಿತು ಅಂದರೆ ದುಡ್ಡು ಮುಗಿಯಿತು ಅಂತಲೇ ಅರ್ಥ ಆಗುತ್ತದೆ. ಬಿಸಿಲಿಗೆ ಶಾಮಿಯಾನ ಹಾಕಿಸೋಣ ಅಂತ ಒಬ್ಬ ನಿರ್ದೇಶಕರು ಹೊರಟಿದ್ದರು. ತಡೆದೆ. ಬಸ್‌ಸ್ಟ್ಯಾಂಡಿನವರೆಗೂ ಕಾಣುತ್ತಿತ್ತು ಅದು! ಬದಲಿಗೆ ಮಹಡಿಯ ಮೀಟಿಂಗ್ ಹಾಲ್ ತೆರೆದು ಜನರನ್ನು ಒಳಗೆ ಕೂರಿಸಿದೆವು. ರಸ್ತೆ ಮೇಲಿನ ಕ್ಯೂ ಕರಗಿತು. ಅಧ್ಯಕ್ಷರಿಗೆ ಮೈಕ್ ಹಿಡಿದು ಭಾಷಣ ಮಾಡುವ ಆಸೆಯಿತ್ತು, ಅದಕ್ಕೂ ಒಪ್ಪಲಿಲ್ಲ. ಅವರು ತಮ್ಮ ಸೊಸೆಯ ಹೆಸರಲ್ಲಿ ಹೊಸ ಠೇವಣಿ ಇಡಲು ಕ್ಯೂನಲ್ಲೇ ನಿಂತರು. ಭಾಷಣಕ್ಕಿಂತ ಅದು ಜಾಸ್ತಿ ಕೆಲಸ ಮಾಡಿತು.

ಠೇವಣಿ ಮುರಿಸಲು ಬಂದವರಿಗೆ ಒಂದು ಚೀಟಿ ಬರೆದುಕೊಟ್ಟೆವು. ಇವತ್ತು ಮುರಿಸಿದರೆ ಇಷ್ಟು, ಅವಧಿ ಮುಗಿಸಿದರೆ ಇಷ್ಟು. ಓದಿಕೊಂಡು ಎದ್ದು ಹೋದವರಿದ್ದಾರೆ. ಹೂವು ಮಾರುವ ಅಜ್ಜಿ ಮಾತ್ರ ಚೀಟಿ ನೋಡಲೇ ಇಲ್ಲ. ರಸೀದಿಗಳನ್ನು ಅರಿಶಿನ ಮೆತ್ತಿದ ಪ್ಲಾಸ್ಟಿಕ್ ಕವರಿಂದ ಒಂದೊಂದಾಗಿ ತೆಗೆದು ಎಲ್ಲ ಮುರಿಸಿದರು. ನೋಟು ಎರಡು ಸಲ ಎಣಿಸಿದರು. ಆಮೇಲೆ ನನ್ನ ಟೇಬಲ್ಲಿಗೆ ಬಂದು, 'ಮನೇಲಿ ಇಡೋಕೆ ಭಯ ಸಾರ್, ನಿಮ್ಮಲ್ಲಿ ಲಾಕರ್ ಖಾಲಿ ಇದ್ಯಾ?' ಅಂದರು.

ವಿಮೆಯ ಮಾತು ಬಂದಾಗ ಎಚ್ಚರದಿಂದ ಇದ್ದೆ. ಬ್ಯಾಂಕ್ ಮುಳುಗಿದರೆ ಠೇವಣಿದಾರರಿಗೆ ಸಿಗುವ ವಿಮೆ ಆಗ ಒಬ್ಬರಿಗೆ 1 ಲಕ್ಷ ಅಷ್ಟೇ, ಕ್ಯೂನಲ್ಲಿದ್ದ ಬಹಳ ಜನರ ದುಡ್ಡು ಅದರೊಳಗೇ ಇತ್ತು. ಆದರೆ ನಿರ್ಬಂಧ ಬಿದ್ದ ಬ್ಯಾಂಕಿನವರಿಗೆ ಆ ವಿಮೆ ಹಣ ಕೂಡಲೇ ಸಿಗುತ್ತಿರಲಿಲ್ಲ. 90 ದಿನದೊಳಗೆ ಕೊಡಬೇಕು ಅನ್ನೋ ಕಾಯ್ದೆ ಬಂದಿದ್ದು 2021ರಲ್ಲಿ. ವಿಮೆ ಇದೆ, ಆದರೆ ಕೂಡಲೇ ಸಿಗಲ್ಲ ಅಂತ ಕೇಳಿದವರಿಗೆ ಎರಡನ್ನೂ ಹೇಳಿದೆ.

ಅಂಗಡಿ ಬೀದಿಯಲ್ಲಿ ನಮ್ಮನ್ನು ಕಾಪಾಡಿದವರು ದಿನಾ ಅಂಗಡಿ ಅಂಗಡಿಗೆ ಹೋಗಿ ಸಣ್ಣ ಉಳಿತಾಯ ಸಂಗ್ರಹಿಸುವ ಪಿಗ್ಮಿ ಕಲೆಕ್ಟರ್‌ಗಳು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಉಡುಪಿ ಕಡೆ ಶುರುಮಾಡಿದ ಈ ಪದ್ಧತಿಗೆ ಇಂಥ ದಿನ ಎಷ್ಟು ಬೆಲೆ ಅಂತ ಆಗ ಗೊತ್ತಾಯಿತು. ಕಲೆಕ್ಟರ್‌ಗಳಿಗೆ ಯಾವ ಅಂಗಡಿಯವನು ಯಾರ ಮಾತು ಕೇಳುತ್ತಾನೆ ಅಂತ ಗೊತ್ತಿರುತ್ತದೆ. ಸಂಜೆ ಎಂದಿನಂತೆ ಕಲೆಕ್ಷನ್ನಿಗೆ ಕಳಿಸಿದೆ, ಕೇಳಿದವರಿಗೆ ದುಡ್ಡು ವಾಪಸ್ ಕೊಡಲು ಕೈಯಲ್ಲಿ ನಗದೂ ಕೊಟ್ಟೆ. ಬೆಳಗ್ಗೆ ದುಡ್ಡು ತೆಗೆದವರೇ ಕೆಲವರು ಸಂಜೆ ಪಿಗ್ಮಿ ಕಟ್ಟಿದ್ದರು.

ಮಂಗಳವಾರವೂ ಜನ ಬಂದರು, ಆದರೆ ಹಬ್ಬದ ಖರ್ಚಿಗೆ ಬಂದವರು ಯಾರು, ಹೆದರಿ ಬಂದವರು ಯಾರು ಅಂತ ಹೇಳೋದು ಕಷ್ಟವಾಯಿತು. ಬುಧವಾರ ಸಂಕ್ರಾಂತಿ ರಜೆ. ಮತ್ತೆ ಶಟರ್ ಮುಚ್ಚುತ್ತದಲ್ವಾ, ಅದಕ್ಕೇ ರಜೆಯ ಬೋರ್ಡನ್ನು ಮೂರಡಿ ಉದ್ದ ಬರೆಸಿದ್ದೆ. ಗುರುವಾರ ಕ್ಯೂ ಇರಲಿಲ್ಲ.

ಫೆಬ್ರವರಿ 4ಕ್ಕೆ ವಿಮೆ 5 ಲಕ್ಷಕ್ಕೆ ಏರಿತು. ಸಣ್ಣ ಠೇವಣಿಯವರು ಹೆಚ್ಚುಕಮ್ಮಿ ಎಲ್ಲರೂ ವಾಪಸ್ ಬಂದರು. ದೊಡ್ಡ ವ್ಯಾಪಾರಿಗಳಲ್ಲಿ ಕೆಲವರು ಬರಲೇ ಇಲ್ಲ. ಅವರ ಖಾತೆ ಇನ್ನೂ ಇದೆ, ಕರೆಂಟ್ ಬಿಲ್ ಕಟ್ಟೋಕೆ.