ಸ್ಪಾರ್ಕ್ ಪ್ಲಗ್ ಬದಲಿಸುವಾಗ ಮೊದಲ ಸುತ್ತು ಬೆರಳಲ್ಲೇ ಇರಲಿ

ಸ್ಟಾರ್ಟ್ ಮಾಡಲು ಎರಡು ಮೂರು ಸಲ ಕೀ ತಿರುಗಿಸಬೇಕು. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ನಡುಗುತ್ತದೆ. ಪಿಕಪ್ ಇಲ್ಲ, ಪೆಟ್ರೋಲ್ ಮಾತ್ರ ಜಾಸ್ತಿ ಕುಡಿಯುತ್ತದೆ. ಹೀಗಾದರೆ ಮೊದಲು ಎಂಜಿನ್ ಒಳಗೆ ಪೆಟ್ರೋಲಿಗೆ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ನೋಡಿ. (ಡೀಸೆಲ್ ಕಾರಿನಲ್ಲಿ ಇದು ಇರುವುದೇ ಇಲ್ಲ.) ಸಾಮಾನ್ಯ ನಿಕಲ್ ಪ್ಲಗ್ ಸುಮಾರು 30ರಿಂದ 50 ಸಾವಿರ ಕಿ.ಮೀ. ಬಾಳುತ್ತದೆ, ಇರಿಡಿಯಂ ಪ್ಲಗ್ 1 ಲಕ್ಷದವರೆಗೂ ಬರಬಹುದು. ನಿಮ್ಮ ಕಾರಿಗೆ ಯಾವ ನಂಬರಿನ ಪ್ಲಗ್, ಎಷ್ಟು ಗ್ಯಾಪ್ (ತುದಿಯಲ್ಲಿ ಕಿಡಿ ಹಾರುವ ಸಂದು) ಎಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ. ಅದನ್ನು ನೋಡಿಯೇ ಕೊಳ್ಳಿ.

ಎಂಜಿನ್ ಪೂರ್ತಿ ತಣ್ಣಗಾಗಲಿ. ಈಗಿನ ಕಾರುಗಳ ಸಿಲಿಂಡರ್ ಹೆಡ್ (ಪ್ಲಗ್ ಕೂರುವ ಎಂಜಿನ್ನಿನ ಮೇಲ್ಭಾಗ) ಅಲ್ಯೂಮಿನಿಯಂನದು. ಬಿಸಿ ಇರುವಾಗ ಬಿಚ್ಚಿದರೆ ಪ್ಲಗ್ ಜೊತೆ ಹೆಡ್‌ನ ಥ್ರೆಡ್ಡೂ (ತಿರುಗಿಸಿ ಕೂರಿಸುವ ಸುರುಳಿ ಗೆರೆ) ಕಿತ್ತು ಬರಬಹುದು. ಕೀ ತೆಗೆದಿಟ್ಟು, ಪ್ಲಗ್ಗಿನ ಮೇಲೆ ಕೂತು ಅದಕ್ಕೆ ಕರೆಂಟ್ ಕೊಡುವ ಒಂದು ಕಾಯಿಲ್‌ನ ಕನೆಕ್ಟರ್ ಬಿಡಿಸಿ, ಬೋಲ್ಟ್ ಬಿಚ್ಚಿ, ಕಾಯಿಲನ್ನು ನೇರವಾಗಿ ಮೇಲಕ್ಕೆ ಎಳೆಯಿರಿ. ವೈರ್ ಇರುವ ಹಳೆಯ ಕಾರಾದರೆ ವೈರನ್ನು ಹಿಡಿದು ಎಳೆಯಬೇಡಿ, ಬುಡದ ರಬ್ಬರ್ ಹಿಡಿಯಿರಿ. ಒಂದು ಪ್ಲಗ್ ಮುಗಿಸಿಯೇ ಇನ್ನೊಂದಕ್ಕೆ ಕೈಹಾಕಿ, ವೈರ್ ಅದಲುಬದಲಾಗುವ ಭಯ ಇರುವುದಿಲ್ಲ.

ಪ್ಲಗ್ ಕೂತಿರುವ ಗುಂಡಿಯಲ್ಲಿ ಧೂಳು, ಮರಳು ಸೇರಿರುತ್ತದೆ. ಬಿಚ್ಚುವ ಮೊದಲೇ ಗಾಳಿ ಹೊಡೆದು ತೆಗೆಯಿರಿ. ಇಲ್ಲದಿದ್ದರೆ ಅದು ಸೀದಾ ಸಿಲಿಂಡರಿಗೆ ಬೀಳುತ್ತದೆ. ಆಮೇಲೆ ಒಳಗೆ ರಬ್ಬರ್ ಇರುವ ಪ್ಲಗ್ ಸಾಕೆಟ್ ಹಾಕಿ ಬಿಚ್ಚಿ. ಸಾಮಾನ್ಯವಾಗಿ 16 ಮಿ.ಮೀ. ಸಾಕೆಟ್ ಬೇಕು, ಕೆಲವಕ್ಕೆ 14 ಅಥವಾ 21.

ಹೊರಬಂದ ಹಳೆಯ ಪ್ಲಗ್ಗನ್ನು ಸುಮ್ನೆ ಬಿಸಾಕಬೇಡಿ. ಬೆಳಕಿಗೆ ಹಿಡಿದು ತುದಿ ನೋಡಿ. ತಿಳಿ ಕಂದು ಅಥವಾ ಬೂದು ಬಣ್ಣವಿದ್ದರೆ ಎಂಜಿನ್ ಚೆನ್ನಾಗಿದೆ. ಒಣಗಿದ ಕಪ್ಪು ಮಸಿ ಕೈಗೆ ಅಂಟಿದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿರಬಹುದು. ಎಣ್ಣೆ ಜಿಡ್ಡಿದ್ದರೆ ಎಂಜಿನ್ ಆಯಿಲ್ ಒಳಗೆ ಇಳಿಯುತ್ತಿದೆ. ಬೆಳ್ಳಗೆ ಸುಟ್ಟು ಬೊಬ್ಬೆ ಎದ್ದಿದ್ದರೆ ಅದು ಅತಿಯಾಗಿ ಕಾದಿದೆ. ಯಾವ ಸಿಲಿಂಡರಿನದು ಎಂದು ಗೊತ್ತಾಗುವಂತೆ ಸಾಲಾಗಿ ಇಡಿ. ಮೆಕ್ಯಾನಿಕ್ ಬಳಿ ಹೋಗಬೇಕಾಗಿ ಬಂದರೆ ತೋರಿಸಲು ಬೇಕು.

ಹೊಸ ಪ್ಲಗ್‌ನ ಗ್ಯಾಪನ್ನು, ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್‌ನಲ್ಲಿ ಅಳೆದು ನೋಡಿ. ಇರಿಡಿಯಂ ಪ್ಲಗ್ ಆದರೆ ಗೇಜ್ ತೂರಿಸಿ ಮೀಟಬೇಡಿ, ತೆಳು ತುದಿ ಮುರಿಯುತ್ತದೆ. ಕೆಳಗೆ ಬಿದ್ದ ಪ್ಲಗ್ ಹಾಕಲೇಬೇಡಿ, ಪಿಂಗಾಣಿಯ ಬಿರುಕು ಕಣ್ಣಿಗೆ ಕಾಣಿಸದೆಯೂ ಇರುತ್ತದೆ.

ಇನ್ನು ಮುಖ್ಯವಾದ ಹಂತ. ರ‍್ಯಾಚೆಟ್ (ಸಾಕೆಟ್ ತಿರುಗಿಸುವ ಹಿಡಿ) ಪಕ್ಕಕ್ಕಿಡಿ. ಸಾಕೆಟ್ ಮತ್ತು ಎಕ್ಸ್‌ಟೆನ್ಷನ್ ರಾಡ್ ಮಾತ್ರ ಹಿಡಿದು ಪ್ಲಗ್ಗನ್ನು ಮೆಲ್ಲಗೆ ಇಳಿಸಿ. ಮೊದಲು ಬಿಚ್ಚುವ ದಿಕ್ಕಿಗೇ ನಿಧಾನ ತಿರುಗಿಸಿ. ಒಂದು ಕಡೆ ‘ಟಕ್’ ಎಂದು ಕೂದಲೆಳೆಯಷ್ಟು ಕೆಳಗಿಳಿದದ್ದು ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಬಿಗಿಯುವ ದಿಕ್ಕಿಗೆ ತಿರುಗಿಸಿ. ಬೆರಳಲ್ಲೇ ಸಲೀಸಾಗಿ ಕೊನೆಯವರೆಗೂ ಹೋಗಬೇಕು. ಒಂದೆರಡು ಸುತ್ತಿಗೇ ಬಿಗಿಯಾದರೆ ಓರೆ ಕೂತಿದೆ ಎಂದರ್ಥ. ಬಲ ಹಾಕಬೇಡಿ, ತೆಗೆದು ಮತ್ತೆ ಶುರು ಮಾಡಿ. ಪ್ಲಗ್ ಹಾಳಾದರೆ ಇನ್ನೊಂದು ತರಬಹುದು, ಹೆಡ್‌ನ ಥ್ರೆಡ್ ಹೋದರೆ ದೊಡ್ಡ ಕೆಲಸ ಅಲ್ವಾ?

ಕೊನೆಗೆ ಕೈಪಿಡಿಯಲ್ಲಿ ಹೇಳಿದ ಅಳತೆಗೆ, ಎಷ್ಟು ಬಿಗಿಯಾಯಿತೆಂದು ತೋರಿಸುವ ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿ. ರೆಂಚ್ ಇಲ್ಲದಿದ್ದರೆ, ವಾಷರ್ ಇರುವ 14 ಮಿ.ಮೀ. ಥ್ರೆಡ್‌ನ ಹೊಸ ಪ್ಲಗ್ ತಳ ಮುಟ್ಟಿದ ಮೇಲೆ ಅರ್ಧ ಸುತ್ತಿಗಿಂತ ಸ್ವಲ್ಪ ಜಾಸ್ತಿ ಸಾಕು. ವಾಷರ್ ಇಲ್ಲದ ಓರೆ ಅಂಚಿನ ಪ್ಲಗ್ಗಿಗೆ ಹದಿನಾರನೇ ಒಂದು ಸುತ್ತು ಅಷ್ಟೆ.

ಕಾಯಿಲ್ ಒತ್ತಿ ಕೂರಿಸಿ, ಬೋಲ್ಟ್ ಹಾಕಿ, ಕನೆಕ್ಟರ್ ‘ಕ್ಲಿಕ್’ ಎನ್ನುವವರೆಗೂ ತಳ್ಳಿ. ಎಲ್ಲ ಮುಗಿದ ಮೇಲೆ ಸ್ಟಾರ್ಟ್ ಮಾಡಿ ಒಂದು ನಿಮಿಷ ಕಿವಿಗೊಡಿ. ಇನ್ನೂ ನಡುಗುತ್ತಿದ್ದರೆ ಆಫ್ ಮಾಡಿ, ಕನೆಕ್ಟರ್‌ಗಳನ್ನು ಇನ್ನೊಮ್ಮೆ ಒತ್ತಿ ನೋಡಿ.