ತಣ್ಣೀರು ಮೊದಲು

ಮಗಳ ಸ್ನಾನದ ಟಬ್ಬಿಗೆ ಹಂಡೆಯಿಂದ ನಾಲ್ಕು ಚೆಂಬು ನೀರು ತೋಡಿ ಹಾಕಿ, ತಣ್ಣೀರಿನ ನಲ್ಲಿ ತಿರುಗಿಸಿದೆ. ನೀರು ಬರಲಿಲ್ಲ. ಆಟಿ ತಿಂಗಳ ಮಳೆಗೆ ಗುಡ್ಡದ ಝರಿಯಿಂದ ಇಳಿಯುವ ಪೈಪಿನ ಬಾಯಿಗೆ ಎಲೆ ಕಟ್ಟಿಕೊಳ್ಳುವುದು ನಮ್ಮಲ್ಲಿ ಹೊಸತಲ್ಲ. ಗಂಡನನ್ನು ಕೂಗಲೆಂದು ಬಚ್ಚಲುಮನೆಯ ಬಾಗಿಲಿಗೆ ಎರಡು ಹೆಜ್ಜೆ ಬಂದೆ, ಅಷ್ಟೇ. 16 ತಿಂಗಳ ಮಗಳು ಟಬ್ಬಿನ ಅಂಚು ಹಿಡಿದು ನಿಂತು, ದಿನವೂ ಆಡುವ ಹಾಗೆ ನೀರು ಬಡಿಯಲು ಬಲಗೈ ಇಳಿಸಿದ್ದಳು. ಮೈಮೇಲೆ ಇನ್ನೂ ಉಣ್ಣೆಯ ಸ್ವೆಟರ್ ಇತ್ತು. ಬಾಯಿ ತೆರೆದಿತ್ತು, ಅಳು ಮಾತ್ರ ಹೊರಬರಲಿಲ್ಲ. ಉಸಿರು ಕಟ್ಟಿದ ಆ ಕ್ಷಣ ಇಂದಿಗೂ ನನ್ನ ಕಣ್ಣ ಮುಂದಿದೆ.

ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ಕಲಿತ ಪ್ರಥಮ ಚಿಕಿತ್ಸೆ ಅಂದು ಹೇಗೋ ನೆನಪಿಗೆ ಬಂತು. ಮೊದಲು ಸ್ವೆಟರ್ ಬಿಚ್ಚಿದೆ. ಬಿಸಿನೀರು ಕುಡಿದ ಉಣ್ಣೆ ಚರ್ಮಕ್ಕೆ ತಾಗಿಕೊಂಡು ಸುಡುತ್ತಲೇ ಇರುತ್ತದೆ. ಬಟ್ಟೆ ಚರ್ಮಕ್ಕೇ ಹತ್ತಿಕೊಂಡಿದ್ದರೆ ಮಾತ್ರ ಎಳೆಯಬಾರದು. ಊತ ಬರುವ ಮೊದಲು ಕೈಬಳೆ ತೆಗೆದೆ. ಅಷ್ಟರಲ್ಲಿ ಅತ್ತೆ ಅರಿಶಿನ, ತೆಂಗಿನೆಣ್ಣೆ ಹಿಡಿದು ಓಡಿ ಬಂದರು. "ಅತ್ತೆ, ಈಗ ಏನೂ ಹಚ್ಚುವುದು ಬೇಡ. ಡ್ರಮ್ಮಿನಿಂದ ನೀರು ತುಂಬಿ ಕೊಡುತ್ತಾ ಇರಿ" ಎಂದೆ. ಅವರು ಮರುಮಾತಾಡದೆ ಚೆಂಬು ಹಿಡಿದರು. ಮೊಣಕೈಯಿಂದ ಬೆರಳ ತುದಿಯವರೆಗೆ ತಣ್ಣೀರು ಹರಿಸುತ್ತಲೇ ಇದ್ದೆವು, ಪೂರ್ತಿ 20 ನಿಮಿಷ. ಮಂಜುಗಡ್ಡೆ ಬೇಡ, ಟೂತ್‌ಪೇಸ್ಟ್ ಬೇಡ, ತುಪ್ಪ ಬೇಡ. ಹರಿಯುವ ತಣ್ಣೀರು ಸಾಕು. ಸುಟ್ಟು ಮೂರು ಗಂಟೆಯೊಳಗೆ ಹೀಗೆ ತಣಿಸಿದರೂ ಪ್ರಯೋಜನವಿದೆ. ಆದರೆ ನಮ್ಮ ಕೊಡಗಿನ ಮಳೆಗಾಲದಲ್ಲಿ ಇನ್ನೊಂದು ಕಷ್ಟವಿದೆ. ಕೈ ತಣಿಸಲು ಹೋಗಿ ಮಗುವಿನ ಇಡೀ ಮೈ ತಣ್ಣಗಾಗಿಬಿಡಬಹುದು. ಆದ್ದರಿಂದ ಆ ಕೈಯೊಂದನ್ನು ಬಿಟ್ಟು ಉಳಿದ ಮೈಯನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ಆಮೇಲೆ ಒಗೆದ ಹತ್ತಿಬಟ್ಟೆಯನ್ನು ಸಡಿಲವಾಗಿ ಮುಚ್ಚಿ ಮಡಿಕೇರಿಯ ಆಸ್ಪತ್ರೆಗೆ ಕರೆದೊಯ್ದೆವು. ಪುಟ್ಟ ಮಗುವಿಗೆ ಬೊಬ್ಬೆ ಎದ್ದರೆ, ಮುಖ, ಕೈ, ಪಾದ, ಗುಪ್ತಾಂಗ ಸುಟ್ಟಿದ್ದರೆ ಮನೆಯಲ್ಲಿಟ್ಟು ನೋಡುವ ಮಾತೇ ಇಲ್ಲ. ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಬೇಕು. ಈಗ ಅವಳ ಮಣಿಕಟ್ಟಿನ ಮೇಲೆ ಒಂದು ನಾಣ್ಯದಷ್ಟು ಬಿಳಚಿದ ಗುರುತು ಉಳಿದಿದೆ.

ನೋಡಲು ಬಂದವರೆಲ್ಲ "ಮಗುವಿನ ಮೇಲೆ ಒಂದು ಕಣ್ಣಿಡಬೇಕಿತ್ತು" ಎಂದರು. ಕಣ್ಣಿಟ್ಟೇ ಇದ್ದೆ. ಎರಡು ಹೆಜ್ಜೆ ದೂರದಲ್ಲಿದ್ದೆ. ಕರೆಂಟು ಹೋಗಿ ಮೂರು ದಿನ, ರಾತ್ರಿಯಿಡೀ ಕೆಮ್ಮುವ ಮಗು, ಹೊರಗೆ ಎಡೆಬಿಡದ ಮಳೆ. ಇಂಥ ಮನೆಯಲ್ಲಿ ತಾಯಿಯ ಕಣ್ಣೊಂದನ್ನೇ ನಂಬಿ ಮಗುವನ್ನು ಕಾಯಲು ಆಗುವುದಿಲ್ಲ. ಕಣ್ಣು ತಪ್ಪಿದಾಗಲೂ ಮಗು ಸುಡದ ಹಾಗೆ ಮನೆಯನ್ನೇ ಬದಲಿಸಬೇಕೆಂದು ಅಂದೇ ನಿಶ್ಚಯಿಸಿದೆ.

ಮೊದಲು ಬದಲಾದದ್ದು ನೀರು ಹಾಕುವ ಕ್ರಮ. ಟಬ್ಬಿನ ಒಳಗೆ ಕೆಂಪು ಬಣ್ಣದಿಂದ ಒಂದು ಗೆರೆ ಎಳೆದೆ. ಆ ಗೆರೆಯವರೆಗೆ ತಣ್ಣೀರು ತುಂಬಿದ ಮೇಲೆಯೇ ಹಂಡೆಗೆ ಚೆಂಬು ಇಳಿಸಬೇಕು. ನಲ್ಲಿಯಲ್ಲಿ ನೀರಿಲ್ಲದಿದ್ದರೆ ಡ್ರಮ್ಮಿನ ನೀರು. ಡ್ರಮ್ಮೂ ಬರಿದಾಗಿದ್ದರೆ ಆ ದಿನ ಸ್ನಾನವೇ ಇಲ್ಲ. ನಮ್ಮ ಹಂಡೆಗೆ ಒಲೆಯ ಬಾಯಿ ಹೊರಗಿರುವುದರಿಂದ ಬೆಂಕಿಯ ಭಯವಿಲ್ಲ. ಆದರೆ ಮಳೆಗಾಲದಲ್ಲಿ ಸಿಲ್ವರ್ ಓಕ್ ಸೌದೆ ಬೆಳಗಿನಿಂದ ರಾತ್ರಿಯವರೆಗೆ ಉರಿಯುತ್ತಲೇ ಇರುತ್ತದೆ, ನೀರು ಸದಾ ಕೊತಕೊತ. ಹಂಡೆಗೆ ಭಾರದ ಮುಚ್ಚಳ ಮಾಡಿಸಿದೆ. ಬಚ್ಚಲುಮನೆಯ ಬಾಗಿಲಿನ ಹೊರಗೆ, ನನ್ನ ಭುಜದ ಎತ್ತರಕ್ಕೆ, ಮರದ ಅಗುಳಿ ಹಾಕಿಸಿದೆ.

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 100 ಡಿಗ್ರಿಗೆ ಅಲ್ಲ, ಸುಮಾರು 96 ಡಿಗ್ರಿಗೇ ಕುದಿಯುತ್ತದೆ. "ನಮ್ಮೂರಿನ ಬಿಸಿನೀರು ಅಷ್ಟು ಸುಡುವುದಿಲ್ಲ" ಎಂದು ಯಾರಾದರೂ ಇದನ್ನೇ ಹಿಡಿದುಕೊಂಡರೆ ಅದು ಅಪಾಯದ ಮಾತು. 60 ಡಿಗ್ರಿಯ ನೀರಿಗೇ ಮಗುವಿನ ತೆಳುಚರ್ಮ ಒಂದೆರಡು ಸೆಕೆಂಡಿನಲ್ಲಿ ಆಳಕ್ಕೆ ಸುಡುತ್ತದೆ. 49 ಡಿಗ್ರಿಗೆ ಇಳಿಸಿದರೆ ಅಂಥ ಗಾಯಕ್ಕೆ ನಿಮಿಷಗಳೇ ಬೇಕು, ಕೈ ಎಳೆದುಕೊಳ್ಳಲು, ಎತ್ತಿಕೊಳ್ಳಲು ಸಮಯ ಸಿಗುತ್ತದೆ. ಇದನ್ನು ತಿಳಿದ ಮೇಲೆ ನೀರಿನ ಬಿಸಿ ಅಳೆಯುವ ಒಂದು ಥರ್ಮಾಮೀಟರ್ ಕೊಂಡು ಮನೆಯಲ್ಲಿ ಬಿಸಿಯಿರುವ ಎಲ್ಲದರಲ್ಲೂ ಅದ್ದಿ ನೋಡಿದೆ. ಗೀಸರ್‌ನ ನಲ್ಲಿಯಲ್ಲಿ 62 ಇತ್ತು. ಪ್ಲಂಬರ್ ಕರೆಸಿ, ಬಿಸಿ ತಣ್ಣೀರನ್ನು ತಾನೇ ಬೆರೆಸಿ ಹದಕ್ಕೆ ಬಿಡುವ ಮಿಕ್ಸಿಂಗ್ ವಾಲ್ವ್ ಹಾಕಿಸಿದೆವು. ಖರ್ಚಾಯಿತು. ಅದಕ್ಕೆ ನನಗೆ ಒಂದಿಷ್ಟೂ ಬೇಸರವಿಲ್ಲ.

ಎಲ್ಲಕ್ಕಿಂತ ನಾಜೂಕಿನ ಕೆಲಸ ಅತ್ತೆಯವರ ಕೈಯದ್ದಾಗಿತ್ತು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆನೀರು ಹಾಕುವುದರಲ್ಲಿ ಅವರನ್ನು ಮೀರಿಸುವವರು ನಮ್ಮ ಊರಿನಲ್ಲಿಲ್ಲ. ಮಗ ಹುಟ್ಟಿದಾಗ ಅವನ ಸ್ನಾನವೂ ಅವರದ್ದೇ. ಒಂದು ದಿನ ಅವರು ಅಂಗೈ ಅದ್ದಿ "ಹದವಾಗಿದೆ" ಎಂದ ನೀರಿಗೆ ಥರ್ಮಾಮೀಟರ್ ಇಳಿಸಿದೆ. 44. ಕೂಸಿಗೆ 37, 38 ಸಾಕು. ಅವರ ಮುಖ ಸಣ್ಣದಾಯಿತು. "ಅತ್ತೆ, ನೀರಿನ ಹದ ನಿಮಗೆ ತಿಳಿಯದೆ ಅಲ್ಲ. ನಲವತ್ತು ವರ್ಷ ಒಲೆಯ ಮುಂದೆ, ಕಾಫಿ ಕಣದಲ್ಲಿ ದುಡಿದ ಅಂಗೈ ಇದು. ಇದಕ್ಕೆ ಬಿಸಿ ಹತ್ತುವುದೇ ಇಲ್ಲ" ಎಂದು ಅವರ ಕೈ ಹಿಡಿದುಕೊಂಡೆ. ಒರಟಾದ ಆ ಅಂಗೈಯ ಗೆರೆಗಳಲ್ಲಿ ಕಾಫಿಯ ಕರೆ ಇನ್ನೂ ಇತ್ತು. ಅವರು ಸುಮ್ಮನೆ ಸೀರೆಯ ಸೆರಗು ಸರಿಸಿ ಮೊಣಕೈ ಅದ್ದಿದರು. "ಹೌದಲ್ಲ, ಸುಡುತ್ತದೆ" ಎಂದು ಇನ್ನೆರಡು ಚೆಂಬು ತಣ್ಣೀರು ಬೆರೆಸಿದರು. ಅಂದಿನಿಂದ ಮೊಣಕೈಯೇ ನಮ್ಮ ಮನೆಯ ಅಳತೆ. ಕೂಸನ್ನು ಮೀಯಿಸುವ ಬೇರೆ ಹೆಂಗಸರಿಗೂ ಅವರೇ ಹೇಳಿಕೊಡುತ್ತಾರೆ. ನಾನು ಹೇಳಿದ್ದರೆ ಯಾರು ಕೇಳುತ್ತಿದ್ದರು?

ಅಡುಗೆಮನೆಯ ಬದಲಾವಣೆಗಳು ಸಣ್ಣವು. ಮೇಜಿನ ಮೇಲಿನ ಬಟ್ಟೆ ಹೋಯಿತು, ಟೀಪಾಯಿಯ ಮೇಲಿನ ಫ್ಲಾಸ್ಕು ಅಟ್ಟಣಿಗೆ ಏರಿತು. ಯಾರೇ ಬಂದರೂ ಕಾಫಿ ಕೊಡುವ ಊರು ನಮ್ಮದು. ಮಗು ತೊಡೆಯ ಮೇಲಿದ್ದರೆ ಲೋಟ ಕೊಡುವುದಿಲ್ಲ, ಮೊದಲು ಮಗುವನ್ನು ನಾನು ಎತ್ತಿಕೊಳ್ಳುತ್ತೇನೆ. ಇದರಿಂದ ಒಬ್ಬಿಬ್ಬರಿಗೆ ಬೇಸರವಾದದ್ದೂ ಉಂಟು.

ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ ಮಾತ್ರ ನಾನು ಅಡುಗೆಮನೆಗೆ ಮಕ್ಕಳನ್ನು ಬಿಡುವುದೇ ಇಲ್ಲ. ಆ ದಿನ ಮದ್ದುಸೊಪ್ಪು ಎಂಬ ಔಷಧಿ ಸೊಪ್ಪು ಬೇಯಿಸಿದ ನೇರಳೆ ಬಣ್ಣದ ರಸಕ್ಕೆ ಬೆಲ್ಲ, ಅಕ್ಕಿ, ತೆಂಗಿನಹಾಲು ಸೇರಿ ಪಾಯಸವಾದಾಗ ಆ ಬಣ್ಣಕ್ಕೇ ಮಕ್ಕಳು ಮುತ್ತಿಕೊಳ್ಳುತ್ತಾರೆ. ಆರಲಿ ಎಂದು ಪಾತ್ರೆಯನ್ನು ನೆಲಕ್ಕಿಡುವುದು ವಾಡಿಕೆ. ನೀರಾದರೆ ಚರ್ಮದಿಂದ ಜಾರಿಹೋಗುತ್ತದೆ, ಬೆಲ್ಲದ ಪಾಯಸ ಮೆತ್ತಿಕೊಂಡು ಬಿಸಿಯನ್ನು ಅಲ್ಲೇ ಹಿಡಿದಿಡುತ್ತದೆ, ಗಾಯ ಇನ್ನೂ ಆಳ. ಈಗ ಪಾತ್ರೆ ಆರುವುದು ಕಟ್ಟೆಯ ಮೇಲೆ, ಗೋಡೆಯ ಪಕ್ಕಕ್ಕೆ.

ಕಾಫಿ ತೋಟದ ಕೆಲಸಗಾರರು ಸಾಲಾಗಿ ವಾಸಿಸುವ ಲೈನ್‌ಮನೆಗಳಲ್ಲಿ ಇಷ್ಟೆಲ್ಲ ಮಾಡಲು ಜಾಗವಿಲ್ಲ. ಒಂದೇ ಕೋಣೆ, ನೆಲದ ಮೇಲೆ ಒಲೆ, ಅದರ ಪಕ್ಕದಲ್ಲೇ ಮಗು. ನಮ್ಮಲ್ಲಿ ಕೆಲಸಕ್ಕೆ ಬರುವ ಒಬ್ಬ ಹೆಂಗಸು ಮತ್ತು ಅವಳ ಗಂಡ ಒಲೆಯ ಸುತ್ತ ಮೂರು ಅಡಿ ದೂರ ಬಿಟ್ಟು, ಸೊಂಟದೆತ್ತರಕ್ಕೆ ಬಿದಿರಿನ ಬೇಲಿ ಕಟ್ಟಿದರು. ಬಿದಿರು ನಾನು ಕೊಟ್ಟೆ, ಉಪಾಯ ಅವರದ್ದು. ಅದನ್ನು ನೋಡಿ ಇನ್ನೆರಡು ಮನೆಗಳಲ್ಲಿ ಕಟ್ಟಿಕೊಂಡಿದ್ದಾರೆ. ಮೊದಲನೆಯ ಬೇಲಿಯ ಕಟ್ಟು ಈಗ ಸಡಿಲಾಗಿದೆ. ಮಳೆ ಹಿಡಿಯುವ ಮೊದಲು ಬಿಚ್ಚಿ ಹೊಸ ಬಿದಿರು ಹಾಕಬೇಕು.